ಇಕ್ರಾಮ್ ಸಾಹೇಬರ ‘ಖಂಡಿತ’

ಮಿಷಿಗನ್ ರಾಜ್ಯದ ಓಕ್ಲೆಂಡ್ ಕೌಂಟಿಯಲ್ಲಿ ಕನ್ನಡಿಗರು ಮನೆ ಮಾಡಿ, ಹುಲ್ಲು ಕತ್ತರಿಸಿ, ಹಿಮ ಗೋರಿ ಬದುಕುತ್ತಿರುವ ಇಷ್ಟು ವರ್ಷಗಳಲ್ಲಿ ಹಲವು ಮಹಾಪುರುಷರು ಆಗಿಹೋಗಿದ್ದಾರೆ. ಒಬ್ಬರು ಮೈನಸ್ ಹತ್ತು ಫ್ಯಾರನ್‌ಹೀಟ್ ಚಳಿಯಲ್ಲಿ ಪಂಚೆ ಉಟ್ಟು ಮೇಲ್‌ಬಾಕ್ಸ್‌ವರೆಗೆ ಹೋಗಿ ಜೀವಂತವಾಗಿ ಮರಳಿದರು. ಇನ್ನೊಬ್ಬರು ಒಂದೇ ಕುಕ್ಕರಿನಲ್ಲಿ ಎಂಬತ್ತು ಜನಕ್ಕೆ ಬಿಸಿಬೇಳೆ ಭಾತ್ ಮಾಡಿ, ಕೊನೆಗೆ ಕುಕ್ಕರನ್ನು ಮಣ್ಣು ಮಾಡಿದರು. ಇವರ ಸಾಹಸಗಳನ್ನು ನಾವು ಮೆಚ್ಚುತ್ತೇವೆ. ಆದರೆ ರಾಚೆಸ್ಟರ್ ಹಿಲ್ಸ್‌ನ ಇಕ್ರಾಮ್ ಸಾಹೇಬರ ಮುಂದೆ ಇವೆಲ್ಲ ಮಕ್ಕಳಾಟ. ಅವರು ಒಂದೇ ಒಂದು ಶಬ್ದದಿಂದ ನಮ್ಮೆಲ್ಲರ ಅಡುಗೆಮನೆಗಳನ್ನು ಹತ್ತು ವರ್ಷ ಆಳಿದರು. ಆ ಶಬ್ದ: ‘ಖಂಡಿತ’.

ಯಾರೇ ಕರೆಯಲಿ, ಯಾವುದಕ್ಕೇ ಕರೆಯಲಿ, ಸಾಹೇಬರ ಬಲಗೈ ಎದೆಯ ಮೇಲೆ ಹೋಗುತ್ತಿತ್ತು. ಕಣ್ಣು ಸ್ವಲ್ಪ ತೇವವಾಗುತ್ತಿತ್ತು. ‘ಖಂಡಿತ ಬರ್ತೀವಿ’ ಎನ್ನುವಾಗ ಆ ದನಿಯಲ್ಲಿ ಎಂಥ ಭರವಸೆ ಇರುತ್ತಿತ್ತೆಂದರೆ, ಊರಿಗೆ ಹೊಸದಾಗಿ ಬಂದ ಗೃಹಿಣಿಯರು ಫೋನ್ ಇಟ್ಟವರೇ ಇನ್ನೊಂದು ಪೌಂಡ್ ಅಕ್ಕಿ ನೆನೆಹಾಕುತ್ತಿದ್ದರು. ಹಳಬರು ಹಾಗೆ ಮೋಸಹೋಗುತ್ತಿರಲಿಲ್ಲ. ಇಕ್ರಾಮ್ ‘ಖಂಡಿತ’ ಎಂದರೆ ಒಂದು ತಟ್ಟೆ ಕಡಿಮೆ ಎಂಬುದು ಅವರ ಲೆಕ್ಕ.

೧೯೯೮ರ ಒಂದು ಶನಿವಾರದ ಕಥೆಯನ್ನು ಇಂದಿಗೂ ಹೇಳುತ್ತಾರೆ. ಅಂದು ಸಾಹೇಬರು ಟ್ರಾಯ್‌ನ ಗೃಹಪ್ರವೇಶ, ಪ್ಲಿಮತ್‌ನ ನಾಮಕರಣ, ಕ್ಯಾಂಟನ್‌ನ ಇಫ್ತಾರ್, ಮತ್ತು ಎರಡು ಹುಟ್ಟುಹಬ್ಬಗಳಿಗೆ ‘ಖಂಡಿತ’ ಕೊಟ್ಟಿದ್ದರು. ಐದು ಮನೆಗಳಲ್ಲಿ ಐದು ಕುರ್ಚಿಗಳು ಅವರಿಗಾಗಿ ಕಾದವು. ಸಂಜೆ ಆ ದಾರಿಯಲ್ಲಿ ಹೋದವರು ನೋಡಿದ್ದು ಅವರದೇ ಡ್ರೈವ್‌ವೇಯಲ್ಲಿ, ಕಾರಿನ ಅಡಿಯಿಂದ ಹೊರಗೆ ಚಾಚಿದ ಎರಡು ಕಾಲುಗಳನ್ನು. ಎಣ್ಣೆ ಬದಲಿಸುತ್ತಿದ್ದರು. ಕೂಗಿದ್ದಕ್ಕೆ ಹೊರಗೆ ಜಾರಿ ಬಂದು, ಕಪ್ಪು ಮೆತ್ತಿದ ಕೈಯನ್ನೇ ಎದೆಯ ಮೇಲಿಟ್ಟು, ‘ಮುಂದಿನ ಸಲ ಖಂಡಿತ’ ಎಂದರು.

ಎಲ್ಲ ಮನೆಗಳಿಗೂ ತಪ್ಪದೆ ಬರುತ್ತಿದ್ದವರು ಅವರ ಹೆಂಡತಿ ಸಾಲೇಹಾ, ಮಗಳು ದಾನಿಯಾಳ ಕೈ ಹಿಡಿದುಕೊಂಡು. ಬಾಗಿಲಲ್ಲೇ ಕಾರಣ ಒಪ್ಪಿಸುತ್ತಿದ್ದರು: ‘ಅವರಿಗೆ ಲಾಂಚ್ ಇದೆ.’ ಸಾಹೇಬರು ಕಾರಿನ ಬಿಡಿಭಾಗದ ಕಂಪನಿಯ ಎಂಜಿನಿಯರು. ಹೊಸ ಮಾದರಿಯ ಕಾರು ಹೊರಬರುವುದಕ್ಕೆ ನಮ್ಮಲ್ಲಿ ಎಲ್ಲರೂ ಲಾಂಚ್ ಎನ್ನುತ್ತಾರೆ. ಆ ಒಂದು ಲಾಂಚ್ ಎಷ್ಟು ವರ್ಷ ನಡೆಯಿತೆಂದರೆ, ಬಾಗಲಕೋಟೆ ಕಡೆಯ ನಮ್ಮ ಸಂಗನಬಸಪ್ಪನಿಗೆ ಒಂದು ದಿನ ತಡೆಯಲಾಗಲಿಲ್ಲ.

“ಅಲ್ರೀ ಭಾಭಿ, ಆ ಕಾರು ಇನ್ನೂ ಲಾಂಚ್ ಆಗಿಲ್ಲೇನ್ರಿ? ರಾಕೆಟ್ ಆಗಿದ್ರ ಇಷ್ಟೊತ್ತಿಗೆ ಚಂದ್ರನ ಮ್ಯಾಲ ಹೋಗಿ, ಚಾ ಕುಡದು ಬರ್ತಿತ್ತಲ್ರಿ!”

ಸಾಲೇಹಾ ನಕ್ಕರು. ಆ ನಗುವಿನ ಹಿಂದೆ ಹಲ್ಲು ಕಚ್ಚಿದ್ದು ಹೆಂಗಸರಿಗೆ ಮಾತ್ರ ಕಾಣಿಸಿತು.

ಸಾಹೇಬರು ಸುಳ್ಳುಗಾರರಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಅವರು ಚನ್ನಪಟ್ಟಣದವರು. ಅವರ ಮನೆಗೆ ಲಗ್ನಪತ್ರಿಕೆ ಹಿಡಿದು ಯಾರಾದರೂ ಬಂದರೆ, ಅವರನ್ನು ಕೂರಿಸಿ ಚಹಾ ಕೊಟ್ಟು ‘ಬಂದೇ ಬರ್ತೀವಿ’ ಎನ್ನುವುದು ಪದ್ಧತಿ. ಕರೆದವರಿಗೂ ಗೊತ್ತು, ಕರೆಸಿಕೊಂಡವರಿಗೂ ಗೊತ್ತು, ಅಲ್ಲಿಗೆ ಆ ಕಾರ್ಯ ಮುಗಿಯಿತೆಂದು. ಮುಖದ ಮೇಲೆ ‘ಆಗಲ್ಲ’ ಎಂದರೆ ಬಿಸಿ ಚಹಾ ಮೈಮೇಲೆ ಚೆಲ್ಲಿದಂತೆ. ಸಾಹೇಬರು ೧೯೯೬ರಲ್ಲಿ ಡೆಟ್ರಾಯಿಟ್‌ಗೆ ಬಂದಿಳಿದರು, ಮನೆ ಕೊಂಡರು, ಪೌರತ್ವಕ್ಕೂ ಅಪ್ಲೈ ಮಾಡಿದರು. ಇಲ್ಲಿನ ಜನ ‘ಹೌದು’ ಎಂದದ್ದನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳುತ್ತಾರೆ ಎಂಬ ಒಂದು ಸಣ್ಣ ಸಂಗತಿ ಮಾತ್ರ ಅವರ ತಲೆಗೆ ಇಳಿಯಲಿಲ್ಲ.

೨೦೦೧ರ ಆಗಸ್ಟಿನಲ್ಲಿ ಕಂಪನಿಯವರು ಕರೆದು, “ಎರಡು ವರ್ಷ ಮೆಕ್ಸಿಕೋಗೆ ಹೋಗ್ತೀಯಾ?” ಎಂದರು. ಸಾಹೇಬರ ಕೈ ಎಲ್ಲಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ. ಆದರೆ ಕಂಪನಿ ಎಂಬುದು ಗೃಹಪ್ರವೇಶವಲ್ಲ. ಹದಿನೈದು ದಿನದಲ್ಲಿ ಟಿಕೆಟ್ ಕಳಿಸಿತು. ದಾನಿಯಾ ಎಂಟನೇ ತರಗತಿ ಮುಗಿಸಲೆಂದು ತಾಯಿ ಮಗಳು ಇಲ್ಲೇ ಉಳಿದು, ಮುಂದಿನ ಜೂನ್‌ನಲ್ಲಿ ಹೋಗಿ ಅವರನ್ನು ಸೇರಿಕೊಂಡರು.

ಊರು ಸಾಲ್ಟಿಯೊ. ಸುತ್ತ ಬೋಳು ಗುಡ್ಡಗಳು, ನಡುವೆ ಕಾರಿನ ವೈರುಗಳನ್ನು ಜಡೆಯಂತೆ ಹೆಣೆಯುವ ಕಾರ್ಖಾನೆ. ಊರ ಹೊರಗೆ ಹನ್ನೆರಡು ಅಡಿ ಗೋಡೆಯೊಳಗೆ ಪರದೇಶಿಗಳ ಕಾಲೊನಿ. ಅಮೆರಿಕದವರು, ಜರ್ಮನಿಯವರು, ಕೊರಿಯದವರು, ಒಬ್ಬ ಪುಣೆಯವನು. ನೀರಿಲ್ಲದ ಸೀಮೆಯಲ್ಲಿ ಹಸಿರು ಹುಲ್ಲು. ಬೆಳಿಗ್ಗೆ ಕಪ್ಪು ಗಾಜಿನ ವ್ಯಾನಿನಲ್ಲಿ ಕಾರ್ಖಾನೆಗೆ, ಸಂಜೆ ಅದೇ ವ್ಯಾನಿನಲ್ಲಿ ಗೋಡೆಯೊಳಗೆ. ಶನಿವಾರ ಬಂದರೆ ಐವತ್ತೈದು ಮೈಲಿ ದೂರದ ಮೊಂತೆರ್ರೇಗೆ ಡ್ರೈವ್ ಮಾಡಿ, ತಮ್ಮ ದೇಶದ ಬ್ರೆಡ್ಡನ್ನೇ ಹುಡುಕಿ ತರುತ್ತಿದ್ದರು. ಹನ್ನೊಂದು ವರ್ಷದಿಂದ ಅಲ್ಲಿದ್ದ ಒಬ್ಬ ಹೆಂಗಸಿಗೆ ಆ ನಾಡಿನ ಭಾಷೆಯಲ್ಲಿ ಮೂರು ಮಾತು ಬರುತ್ತಿತ್ತು: ಥ್ಯಾಂಕ್ಸ್, ಐಸ್ ಬೇಡ, ಬಿಲ್ ಕೊಡಿ. ಈಕೆಯ ಅಧ್ಯಕ್ಷತೆಯಲ್ಲಿ ತಿಂಗಳಿಗೊಮ್ಮೆ ‘ಸ್ಥಳೀಯ ಜನರೊಂದಿಗೆ ಬೆರೆಯುವುದು ಹೇಗೆ’ ಎಂದು ಸಭೆ. ಸಭೆಯಲ್ಲಿ ಸ್ಥಳೀಯರು ಒಬ್ಬರೇ, ಕಾಫಿ ಸುರಿಯುವವರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಸಭೆಯಲ್ಲಿ ಪ್ರತಿ ಸಲ ಏಳುತ್ತಿದ್ದ ದೂರು ಒಂದೇ. ಈ ಜನ ಎಲ್ಲದಕ್ಕೂ ಹೌದು ಎನ್ನುತ್ತಾರೆ, ಬರುವುದೇ ಇಲ್ಲ. ನಲ್ಲಿ ರಿಪೇರಿಯವನು ನಾಳೆ ಎಂದ, ಮೂರು ವಾರವಾಯಿತು. ಎಲ್ಲರೂ ತಲೆ ಕೊಡವುತ್ತಿದ್ದರೆ ಸಾಹೇಬರು ಮೂಲೆಯಲ್ಲಿ ಕುಳಿತು ಮುಗುಳ್ನಗುತ್ತಿದ್ದರು. ಅವರಿಗೆ ಆ ನಲ್ಲಿಯವನನ್ನು ತಬ್ಬಿಕೊಳ್ಳಬೇಕೆನಿಸಿತ್ತಂತೆ. ಇಷ್ಟು ವರ್ಷ ಮಿಷಿಗನ್‌ನಲ್ಲಿ ಒಬ್ಬಂಟಿಯಾಗಿ ಕಾಪಾಡಿಕೊಂಡು ಬಂದ ಧರ್ಮವನ್ನು ಇಲ್ಲಿ ಒಂದು ಊರಿಗೆ ಊರೇ ಪಾಲಿಸುತ್ತಿತ್ತು! ಕಾರ್ಖಾನೆಯವರು ಫುಟ್‌ಬಾಲ್ ಆಟಕ್ಕೆ ಕರೆದರು, ಸಾಹೇಬರು ಬರುತ್ತೇನೆಂದರು, ಹೋಗಲಿಲ್ಲ. ಸಾಹೇಬರು ಅವರನ್ನು ಚಹಾಕ್ಕೆ ಕರೆದರು, ಅವರು ಬರುತ್ತೇವೆಂದರು, ಬರಲಿಲ್ಲ. ಎರಡೂ ಕಡೆಯವರಿಗೆ ಬಹಳ ಸಂತೋಷ.

ಸಾಲೇಹಾರ ಅನುಭವವೇ ಬೇರೆ. ಅವರು ಕಾಲೊನಿಗೆ ಬಂದ ಮೂರನೇ ದಿನ ಗೇಟಿನ ಕಾವಲುಗಾರ ಅವರನ್ನು ಯಾರದೋ ಮನೆಗೆಲಸದವರೆಂದುಕೊಂಡು ಚೀಲ ತೋರಿಸು ಎಂದ. ಅವರ ಮನೆಯಲ್ಲಿ ಮಾತು ಉರ್ದು, ಜಗಳ ಕನ್ನಡ. ಸಾಲೇಹಾ ಚಿತ್ರದುರ್ಗದ ಕನ್ನಡದಲ್ಲಿ ಎಂಟು ನಿಮಿಷ ಅವನಿಗೆ ಉತ್ತರ ಕೊಟ್ಟರು. ಅಂದಿನಿಂದ ಅವನು ಕಾಲೊನಿಯಲ್ಲಿ ಸೆಲ್ಯೂಟ್ ಹೊಡೆದದ್ದು ಇಬ್ಬರಿಗೆ: ಕಾರ್ಖಾನೆಯ ಮುಖ್ಯಸ್ಥನಿಗೆ, ಮತ್ತು ಇವರಿಗೆ.

ಎರಡು ವರ್ಷ ಮುಗಿದು, ೨೦೦೩ರ ಜುಲೈನಲ್ಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ. ಅಲ್ಲಿ ಸಾಹೇಬರ ಕೈಕೆಳಗಿದ್ದ ಸೂಪರ್‌ವೈಸರ್ ರಮಿರೊ ಎದ್ದು ನಿಂತ. ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಅವನ ಮಗಳು ಯೆಸೆನಿಯಾಗೆ ಆಗ ಹನ್ನೆರಡು. ಅಲ್ಲಿ ಹುಡುಗಿಗೆ ಹದಿನೈದು ತುಂಬಿದಾಗ ನಮ್ಮಲ್ಲಿನ ಮದುವೆಯಷ್ಟೇ ದೊಡ್ಡ ಹಬ್ಬ ಮಾಡುತ್ತಾರೆ. ಆ ದಿನ ಎಲ್ಲರೆದುರು ಹುಡುಗಿ ಚಪ್ಪಟೆ ಶೂ ಬಿಟ್ಟು, ಜೀವನದಲ್ಲಿ ಮೊದಲ ಸಲ ಹಿಮ್ಮಡಿ ಎತ್ತರದ ಶೂ ಹಾಕಿಕೊಳ್ಳುತ್ತಾಳೆ. ಆ ಶೂ ತಂದುಕೊಡುವವನನ್ನು ಶೂವಿನ ಪದ್ರೀನೊ ಎನ್ನುತ್ತಾರೆ. ಹೀಗೇ ಕೇಕಿಗೊಬ್ಬ, ಕಿರೀಟಕ್ಕೊಬ್ಬ ಪದ್ರೀನೊ. ರಮಿರೊ ಕೇಳಿದ: “ಮೂರು ವರ್ಷದ ಮೇಲೆ ನನ್ನ ಮಗಳ ಶೂವಿಗೆ ನೀವೇ ಪದ್ರೀನೊ ಆಗಬೇಕು.”

ಸಾಹೇಬರು ಎದೆಯ ಮೇಲೆ ಕೈಯಿಟ್ಟರು. ಅಲ್ಲಿಯ ಭಾಷೆಯಲ್ಲಿ ‘ಬಹಳ ಸಂತೋಷದಿಂದ’ ಎನ್ನುವುದಕ್ಕೆ ‘ಕೊನ್ ಮೂಚೊ ಗುಸ್ತೊ’ ಎನ್ನುತ್ತಾರೆ. ಅದನ್ನು ಎರಡು ಸಲ ಹೇಳಿದರು. ರಮಿರೊ ಅವರನ್ನು ತಬ್ಬಿಕೊಂಡು ಅತ್ತ. ಸಾಹೇಬರೂ ಅತ್ತರು, ಕೈ ಎದೆಗೆ ಹೋದರೆ ಅವರ ಕಣ್ಣಿಗೆ ನೀರು ತಾನಾಗಿ ಬರುತ್ತದೆ. ಮನೆಗೆ ಬಂದು ಸಾಮಾನು ಕಟ್ಟಿ, ವಿಮಾನ ಹತ್ತಿ, ಹೂಸ್ಟನ್ ದಾಟುವ ಹೊತ್ತಿಗೆ ಮರೆತರು.

ಇದೇ ಆ ಮಹಾಪ್ರಮಾದ. ಆ ನಾಡಿನಲ್ಲಿ ನಲ್ಲಿಯವನ ‘ನಾಳೆ’ ಬರೀ ಮರ್ಯಾದೆಯ ಮಾತು, ಸರಿ. ಆದರೆ ಪದ್ರೀನೊ ಆಗುತ್ತೇನೆಂದ ‘ಹೌದು’ ಮರ್ಯಾದೆಯ ಮಾತಲ್ಲ, ಅದು ನೆಂಟಸ್ತಿಕೆ. ಹೌದೆಂದ ಕ್ಷಣದಿಂದ ಹುಡುಗಿಯ ಅಪ್ಪನಿಗೆ ನೀನು ಬೀಗನಂತೆ, ಸಾಯುವತನಕ. ಕನ್ನಡಿಗರ ಮಧ್ಯೆ ಐದು ವರ್ಷ ‘ಖಂಡಿತ’ ಹಂಚಿ ಒಮ್ಮೆಯೂ ಸಿಕ್ಕಿಬೀಳದ ನಮ್ಮ ವೀರ, ಒಂದು ಕ್ಯಾಂಟೀನಿನಲ್ಲಿ ನಿಂತು ತನಗೇ ತಿಳಿಯದಂತೆ ಬೀಗನಾಗಿ ಬಂದಿದ್ದ.

ಮೂರು ವರ್ಷ ಕಳೆಯಿತು. ೨೦೦೬ರ ಬೇಸಿಗೆಯಲ್ಲಿ ದಾನಿಯಾಳ ಹೈಸ್ಕೂಲ್ ಮುಗಿಯುವುದಿತ್ತು. ಇಲ್ಲಿ ಹೈಸ್ಕೂಲ್ ಮುಗಿಸಿದ ಮಕ್ಕಳಿಗೆ ಹಿತ್ತಲಲ್ಲಿ ಟೆಂಟ್ ಹಾಕಿ, ಬಂದವರಿಗೆಲ್ಲ ಊಟ ಹಾಕುತ್ತಾರೆ. ಓಪನ್ ಹೌಸ್ ಎನ್ನುತ್ತಾರೆ. ಹತ್ತು ವರ್ಷ ಊರವರ ಹಿತ್ತಲುಗಳಲ್ಲಿ ಒಬ್ಬರೇ ಕುಳಿತು ‘ಲಾಂಚ್ ಇದೆ’ ಎನ್ನುತ್ತ ಬಂದ ಸಾಲೇಹಾ, ಮೊದಲ ಸಲ ತಮ್ಮ ಹಿತ್ತಲಿಗೆ ಊರನ್ನು ಕರೆದಿದ್ದರು. ಜೂನ್ ಹತ್ತು, ಶನಿವಾರ, ನೂರಾಹತ್ತು ಜನ. ನೇಪರ್‌ವಿಲ್‌ನಿಂದ ಅವರ ತಮ್ಮ ಒವೈಸ್ ಐದು ಗಂಟೆ ಡ್ರೈವ್ ಮಾಡಿಕೊಂಡು ಸಂಸಾರ ಸಮೇತ ಬರುವವನಿದ್ದ. ಟೆಂಟ್ ಗೊತ್ತಾಗಿತ್ತು, ಬಿರಿಯಾನಿ ಗೊತ್ತಾಗಿತ್ತು, ಸಸ್ಯಾಹಾರಿಗಳಿಗೆ ಬೇರೆ ಟೇಬಲ್ ಎಲ್ಲಿಡಬೇಕೆಂದು ನೆಲದಲ್ಲಿ ಕಡ್ಡಿ ನೆಟ್ಟಾಗಿತ್ತು.

ಮೇ ಮೊದಲ ವಾರ ಒಂದು ಬೆಳಿಗ್ಗೆ ಗ್ಯಾರೇಜಿನಿಂದ ಸಾಹೇಬರ ದನಿ ಕೇಳಿಸಿತು. “ಸಿ, ಸಿ! ಕೊನ್ ಮೂಚೊ ಗುಸ್ತೊ!” ‘ಸಿ’ ಎಂದರೆ ಅಲ್ಲಿಯವರ ‘ಹೌದು’.

ಸಾಲೇಹಾ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

“ಯಾರ್ರೀ ಅದು ಫೋನು?”

“ರಮಿರೊ. ಮಗಳಿಗೆ ಹದಿನೈದಾಯ್ತಂತೆ. ನೋಡು, ಎಷ್ಟು ಬೇಗ ಬೆಳೀತವೆ ಮಕ್ಕಳು.”

“ಯಾವತ್ತು?”

“ಏನು ಯಾವತ್ತು?”

“ಹಬ್ಬ ಯಾವತ್ತು ಅಂದೆ.”

ಸಾಹೇಬರು ಗ್ಯಾರೇಜಿನ ಗೋಡೆಯ ಮೇಲಿದ್ದ ಗುದ್ದಲಿಯನ್ನು ಆಸಕ್ತಿಯಿಂದ ನೋಡಿದರು. “ಜೂನ್ ಹತ್ತು.”

ಆಮೇಲೆ ನಡೆದದ್ದು ಪೂರ್ತಿ ಕನ್ನಡದಲ್ಲಿ ನಡೆಯಿತು. ಪಕ್ಕದ ಮನೆಯ ಅಮೆರಿಕನ್ ದಂಪತಿ ತಮ್ಮ ನಾಯಿಯನ್ನು ಒಳಗೆ ಕರೆದುಕೊಂಡರು.

“ಹತ್ತು ವರ್ಷ ಬೇರೆಯವರ ಮನೆಗೆ ನೀವು ಬರ್ಲಿಲ್ಲ, ನಾನು ನೆಪ ಹೇಳ್ದೆ. ಈಗ ನಮ್ಮ ಮನೆ ಫಂಕ್ಷನ್ನಿಗೇ ನೀವು ಬರ್ದಿದ್ರೆ ಯಾರಿಗೆ ಏನ್ ನೆಪ ಹೇಳ್ಲಿ ನಾನು? ಫೋನ್ ಮಾಡಿ. ಆಗಲ್ಲ ಅನ್ನಿ. ಮೂರಕ್ಷರ. ಹೇಳೋಕಾಗುತ್ತಾ ಇಲ್ವಾ?”

“ಖಂಡಿತ ಹೇಳ್ತೀನಿ,” ಎಂದರು ಸಾಹೇಬರು. ಇದು ಅಪಶಕುನ ಎಂದು ಸಾಲೇಹಾರಿಗೆ ಆಗಲೇ ಹೊಳೆಯಬೇಕಿತ್ತು.

ಮಾರನೆಯ ದಿನ ಸಾಹೇಬರು ಬಾಗಿಲು ಹಾಕಿಕೊಂಡು ನಲವತ್ತು ನಿಮಿಷ ಮಾತಾಡಿದರು. ಹೊರಬಂದಾಗ ಮುಖ ಇಳಿದಿತ್ತು.

“ಹೇಳಿದ್ರಾ?”

“ಹೇಳೋಕೇ ಹೋದೆ. ಅಷ್ಟರಲ್ಲಿ ಅವರ ಮನೆಯವರು ಒಫೇಲಿಯಾ ಫೋನ್ ತಗೊಂಡ್ರು.”

“ತಗೊಂಡು?”

“ಕಿರೀಟದ ಪದ್ರೀನೊ ಕೈ ಕೊಟ್ಟನಂತೆ. ಪಾಪ.”

“ರೀ.”

“ಕಿರೀಟಾನೂ ನಮ್ದೇ ಈಗ.”

ಗಂಡನನ್ನು ಕಳಿಸಿದ್ದೇ ತಪ್ಪೆಂದು ಸಾಲೇಹಾ ದಾನಿಯಾಳನ್ನು ಕೂರಿಸಿದರು. ಸಾಲ್ಟಿಯೊದಲ್ಲಿ ಒಂದು ವರ್ಷ ಶಾಲೆಗೆ ಹೋದವಳು, ಭಾಷೆ ಚೆನ್ನಾಗಿ ಬರುತ್ತದೆ, ಮೇಲಾಗಿ ಇಲ್ಲಿ ಬೆಳೆದ ಹುಡುಗಿ, ‘ನೋ’ ಎನ್ನಲು ಅಂಜುವುದಿಲ್ಲ. ದಾನಿಯಾ ಫೋನ್ ಹಿಡಿದು ಮಹಡಿಗೆ ಹೋದಳು, ಅರ್ಧ ಗಂಟೆಯ ಮೇಲೆ ಕಣ್ಣೊರೆಸಿಕೊಳ್ಳುತ್ತ ಇಳಿದಳು.

“ಅಮ್ಮಿ, ಐ ಕುಡಂಟ್. ದೇ ವರ್ ಕ್ರೈಯಿಂಗ್.”

“ಯಾರು ಅಳ್ತಿದ್ರು?”

“ಎವ್ರಿಬಡಿ!”

“ಅಪ್ಪನ ಮಗಳು,” ಎಂದು ಸಾಲೇಹಾ ಫೋನ್ ಕಿತ್ತುಕೊಂಡರು. ಅವರಿಗೆ ಬರುತ್ತಿದ್ದದ್ದು ಮೂವತ್ತು ಶಬ್ದ, ಅದರಲ್ಲಿ ಇಪ್ಪತ್ತು ತರಕಾರಿ. ಪರವಾಗಿಲ್ಲ. ‘ಇಲ್ಲ’ ಎನ್ನಲು ಎಷ್ಟು ಭಾಷೆ ಬೇಕು? ಒಫೇಲಿಯಾ ಫೋನ್ ಎತ್ತಿದ ಕೂಡಲೇ ಇವರು ಕತ್ತಿ ಹಿರಿದರು: “ಸೆನ್ಯೋರ್ ಇಕ್ರಾಮ್, ನೋ. ಹತ್ತನೇ ತಾರೀಖು, ನೋ. ನನ್ನ ಮಗಳು. ಫಿಯೆಸ್ತಾ. ಅದೇ ದಿನ.”

ಆ ಕಡೆಯಿಂದ ಒಫೇಲಿಯಾ ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು. ದಾನಿಯಾ ಕಿವಿಗೊಟ್ಟು ಅರ್ಥ ಹೇಳಿದಳು. ಅದೇ ದಿನ ಅಂತ ನಮಗೆ ಗೊತ್ತೇ ಇರಲಿಲ್ಲ, ಎಂಜಿನಿಯರ್ ಸಾಹೇಬರು ಹೇಳಲೇ ಇಲ್ಲ. ಮಗಳ ಹಬ್ಬ ಬಿಟ್ಟು ಅಪ್ಪ ಎಲ್ಲಿಗೂ ಹೋಗಬಾರದು. ಅವರನ್ನು ಕಳಿಸಬೇಡಿ, ಬೀಗಿತಿ. ಶೂವನ್ನು ರಮಿರೊನೇ ಹಾಕುತ್ತಾನೆ.

ಯುದ್ಧಕ್ಕೆ ಹೋದವರು ಎದುರಾಳಿ ಬಾಗಿಲು ತೆರೆದು ಒಳಗೆ ಕರೆದರೆ ಏನು ಮಾಡಬೇಕು? ಸಾಲೇಹಾರ ಬಾಯಿಂದ ಅವರದಲ್ಲದ ದನಿಯೊಂದು ಹೊರಟಿತು: “ದೊಮಿಂಗೊ.” ಅಂದರೆ ಭಾನುವಾರ. “ನಮ್ಮದು ದೊಮಿಂಗೊ. ಸೆನ್ಯೋರ್ ಇಕ್ರಾಮ್, ಸಿ.”

ಫೋನ್ ಇಟ್ಟು ಸೋಫಾದ ಮೇಲೆ ಕುಸಿದರು.

“ಈ ರೋಗ ಅಂಟೋದು ಅಂತ ನಂಗೆ ಯಾರೂ ಹೇಳ್ಲಿಲ್ಲ,” ಎಂದರು.

ಹೀಗೆ ಹಿತ್ತಲಿನ ಊಟ ಜೂನ್ ಹನ್ನೊಂದಕ್ಕೆ ಹೋಯಿತು. ಸಾಲೇಹಾ ನೂರಾಹತ್ತು ಜನಕ್ಕೂ ಮತ್ತೆ ಫೋನ್ ಮಾಡಿದರು. ಎಲ್ಲರೂ ‘ಅಯ್ಯೋ, ಅದಕ್ಕೇನು, ಖಂಡಿತ ಬರ್ತೀವಿ’ ಎಂದರು. ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡರು. ಗಂಡನಿಗೆ ಅಪ್ಪಣೆಯಾಯಿತು: ಶುಕ್ರವಾರ ಹೋಗಬೇಕು, ಭಾನುವಾರ ಬೆಳಗಿನ ಮೊದಲ ವಿಮಾನ ಹತ್ತಬೇಕು, ಎರಡು ಗಂಟೆಗೆ ಈ ಡ್ರೈವ್‌ವೇಯಲ್ಲಿ ನಿಂತಿರಬೇಕು. “ಬರ್ದೇ ಇದ್ರೆ,” ಎಂದು ಶುರು ಮಾಡಿದ ವಾಕ್ಯವನ್ನು ಅವರು ಮುಗಿಸಲಿಲ್ಲ. ಅದೇ ಹೆಚ್ಚು ಭಯವಾಯಿತೆಂದು ಸಾಹೇಬರು ಆಮೇಲೆ ಹೇಳಿದರು.

ಇನ್ನು ಶೂ. ಒಂದು ಸಂಜೆ ಸಾಹೇಬರ ಆಫೀಸ್ ಚೀಲದಿಂದ ಟಿಫಿನ್ ಡಬ್ಬಿ ತೆಗೆಯಲು ಹೋದ ಸಾಲೇಹಾರ ಕೈಗೆ ಒಂದು ಫ್ಯಾಕ್ಸ್ ಸಿಕ್ಕಿತು. ಅದರ ತುಂಬ ಒಂದು ಹೆಣ್ಣಿನ ಪಾದ.

“ಯಾರದ್ರೀ ಈ ಕಾಲು?”

“ಯೆಸೆನಿಯಾದು. ಅಳತೆಗೆ ಕಳಿಸಿದಾನೆ ರಮಿರೊ.”

ಪೆನ್ಸಿಲಿನಲ್ಲಿ ಗೆರೆ ಎಳೆದ ಪಾದದ ಸುತ್ತ ಬಾಣದ ಗುರುತುಗಳಿದ್ದವು. ಉದ್ದ ೨೩೫ ಮಿಲಿಮೀಟರ್, ಎರಡು ಹೆಚ್ಚಾದರೆ ನಡೆಯುತ್ತದೆ, ಕಡಿಮೆ ಕೂಡದು. ಕೆಳಗೆ ರಮಿರೊನ ಸಹಿ, ತಾರೀಖು, ‘ಪರಿಷ್ಕರಣೆ ಬಿ’. ಮೊದಲನೆಯದರಲ್ಲಿ ಹುಡುಗಿ ಕಚಗುಳಿಯಾಗಿ ಕಾಲು ಅಲುಗಿಸಿದ್ದಳಂತೆ. ಈ ನಕ್ಷೆ ಮತ್ತು ಒಂದು ಕ್ಯಾಲಿಪರ್ ಹಿಡಿದು ಸಾಹೇಬರು ಮಾಲ್‌ನ ನಾಲ್ಕು ಅಂಗಡಿಗಳಲ್ಲಿ ಶೂಗಳ ಒಳಗೆ ಅಳೆದರು. ಹೆಂಡತಿ ಹತ್ತು ಹೆಜ್ಜೆ ಹಿಂದೆ, ಯಾರೋ ಬೇರೆಯವರಂತೆ ನಡೆದರು. ಕೊನೆಗೆ ದಂತದ ಬಣ್ಣದ ಒಂದು ಜೊತೆ ತೇರ್ಗಡೆಯಾಯಿತು.

ಶುಕ್ರವಾರ ವಿಮಾನ ನಿಲ್ದಾಣಕ್ಕೆ ಬಿಡಲು ಸಂಗನಬಸಪ್ಪನೇ ಮುಂದಾದ. “ನಾನ ಬಿಟ್ಟು ಬರ್ತೀನ್ರಿ ಭಾಭಿ. ಇಲ್ಲಂದ್ರ ಈ ಮನಷ್ಯಾ ಪಾರ್ಕಿಂಗ್‌ನ್ಯಾಗ ಎಣ್ಣಿ ಬದ್ಲಿ ಮಾಡ್ಕೋತ ಕುಂದರ್ತಾನ.” ದಾರಿಯಲ್ಲಿ ಅವನಿಗೆ ಒಂದು ಸಂಶಯ ಬಂತು. “ಅಲ್ರೀ ಸಾಹೇಬ್ರ, ಮೊದ್ಲ ಚರ್ಚಿನ್ಯಾಗ ಪೂಜಾ ಇರ್ತೈತಂತಲ್ಲ. ಅಲ್ಲಿ ನೀವೇನ್ ಮಾಡಾವ್ರು?”

“ಕೂತ್ಕೋತೀನಿ,” ಎಂದರು ಸಾಹೇಬರು.

ಸಾಹೇಬರು ಸೆಕ್ಯೂರಿಟಿ ದಾಟಿ, ಬೂಟು ಹಾಕಿಕೊಂಡು ಕಣ್ಮರೆಯಾಗುವತನಕ ಸಂಗನಬಸಪ್ಪ ಗಾಜಿನ ಈಚೆ ಕಾದಿದ್ದ.

ಹಬ್ಬದ ವಿವರ ನಮಗೆ ಆಮೇಲೆ ಫೋಟೋಗಳಿಂದ ತಿಳಿಯಿತು. ಸಾಹೇಬರು ಚರ್ಚಿನ ಮೂರನೇ ಸಾಲಿನಲ್ಲಿ, ಹೇಳಿದ ಹಾಗೆಯೇ, ಕೂತಿದ್ದಾರೆ. ಒಂದರಲ್ಲಿ ಆಕಾಶಬಣ್ಣದ ಗೌನಿನ ಹುಡುಗಿ ಎತ್ತರದ ಕುರ್ಚಿಯಲ್ಲಿ. ಮುನ್ನೂರು ಜನರ ನಡುವೆ ಸಾಹೇಬರು ಒಂದು ಮೊಣಕಾಲೂರಿ, ನಾಲಿಗೆಯನ್ನು ತುಟಿಯ ಅಂಚಿಗೆ ಕಚ್ಚಿ, ಬಕಲ್ ಹಾಕುತ್ತಿದ್ದಾರೆ. ಶೂ ಸರಿಯಾಗಿ ಕೂತಿತು. ರಮಿರೊ ಮೀಸೆ ಒರೆಸಿಕೊಳ್ಳುತ್ತಿದ್ದಾನೆ. ಬಾಗಿಲ ಬಳಿಯ ಟೇಬಲ್ಲಿನಲ್ಲಿ ಕಾಲೊನಿಯ ಇಬ್ಬರು ಪರದೇಶಿಗಳು, ಮನೆಯಿಂದ ತಂದ ನೀರಿನ ಬಾಟಲಿ ಮುಂದಿಟ್ಟುಕೊಂಡು. ಅವರಲ್ಲೊಬ್ಬ ಒಂಬತ್ತು ವರ್ಷದಿಂದ ಅಲ್ಲಿದ್ದವನು, ಸಾಹೇಬರನ್ನು ಗುರುತಿಸಿ, “ನೀನು ಯಾವ ಕಡೆಯವನು ಇಲ್ಲಿ?” ಎಂದು ಕೇಳಿದನಂತೆ. ಸಾಹೇಬರು, “ಶೂ ಕಡೆ,” ಎಂದರಂತೆ. ನೃತ್ಯ ಶುರುವಾಗುವ ಮೊದಲೇ ಅವರಿಬ್ಬರೂ ಎದ್ದು ಹೋದರು.

ಭಾನುವಾರ. ಮಿಷಿಗನ್ ಕನ್ನಡಿಗರ ಇತಿಹಾಸದಲ್ಲಿ ಎರಡು ಗಂಟೆಯ ಊಟಕ್ಕೆ ಜನ ಒಂದೂವರೆಗೇ ಬಂದು ಸ್ಥಳ ಹಿಡಿದದ್ದು ಅದೊಂದೇ ದಿನ. ನೂರಾಹತ್ತು ಮಂದಿಯಲ್ಲಿ ಒಬ್ಬರೂ ತಪ್ಪಿಸಲಿಲ್ಲ. ಬಿರಿಯಾನಿಗಾಗಿ ಎಂದು ಯಾರೂ ಸುಳ್ಳು ಹೇಳಲಿಲ್ಲ. ಕುರ್ಚಿಗಳನ್ನೆಲ್ಲ ಡ್ರೈವ್‌ವೇಗೆ ಮುಖ ಮಾಡಿ ತಿರುಗಿಸಿಕೊಂಡಿದ್ದರು. ಪ್ಲಿಮತ್‌ನ ದ್ವಾರಕಾನಾಥ್ ಅಂಕಲ್ ಮೊಣಕಾಲು ನೋವಿದ್ದರೂ ಮುಂದಿನ ಸಾಲಿಗೇ ಬಂದಿದ್ದರು.

ಎರಡಾಯಿತು. ಎರಡೂಕಾಲಾಯಿತು. ಒವೈಸ್ ಭಾವನಿಗೆ ಫೋನ್ ಮಾಡಿದ, ಹತ್ತಲಿಲ್ಲ. ಸಾಲೇಹಾ ಟೆಂಟಿನ ಅಂಚಿನಲ್ಲಿ, ಬಡಿಸುವ ಚಮಚವನ್ನು ಕತ್ತಿಯಂತೆ ಹಿಡಿದು ನಿಂತಿದ್ದರು. ಎರಡೂವರೆಗೆ ಯಾರೋ ಒಬ್ಬ ಪುಣ್ಯಾತ್ಮರು ಅವರನ್ನು ಸಮಾಧಾನ ಮಾಡಲು ಹೋಗಿ, “ಬಿಡಿ ಸಾಲೇಹಾ, ಏನೋ ಲಾಂಚ್ ಇರ್ಬೇಕು,” ಎಂದುಬಿಟ್ಟರು.

“ಲಾಂಚ್ ಇಲ್ಲ,” ಎಂದರು ಸಾಲೇಹಾ, ಎಲ್ಲರಿಗೂ ಕೇಳುವಂತೆ. “ಯಾವತ್ತೂ ಇರ್ಲಿಲ್ಲ. ಒಂದು ಹುಡುಗಿಗೆ ಶೂ ಹಾಕೋಕೆ ಹೋಗಿದಾರೆ. ನಾನೇ ಕಳಿಸಿದ್ದು. ಬರ್ತಾರೆ.”

ಹತ್ತು ವರ್ಷದಲ್ಲಿ ಮೊದಲ ಸಲ ಅವರು ಗಂಡನ ಪರವಾಗಿ ನೆಪ ಹೇಳಲಿಲ್ಲ. ಈಗ ಸಾಹೇಬರು ಬಾರದಿದ್ದರೆ ಮರೆ ಮಾಡಲು ಏನೂ ಉಳಿದಿರಲಿಲ್ಲ.

ಎರಡು ಐವತ್ತಕ್ಕೆ ಒಂದು ಟ್ಯಾಕ್ಸಿ ಬಡಾವಣೆಯ ತಿರುವಿನಲ್ಲಿ ಕಾಣಿಸಿತು. ಸಾಹೇಬರು ಇಳಿದರು. ಮುದ್ದೆಯಾದ ಸೂಟು, ಎದೆಯ ಮೇಲೆ ಆಕಾಶಬಣ್ಣದ ರಿಬ್ಬನ್, ಕೈಯಲ್ಲಿ ಕೇಕಿನ ದೊಡ್ಡ ಡಬ್ಬಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದ್ವಾರಕಾನಾಥ್ ಅಂಕಲ್ ಶಿಳ್ಳೆ ಹಾಕಿದರು. ದಾನಿಯಾ ಓಡಿಹೋಗಿ ಅಪ್ಪನನ್ನು ತಬ್ಬಿಕೊಂಡಳು, ಕೇಕಿನ ಒಂದು ಮೂಲೆ ಕುಸಿಯಿತು.

“ಐವತ್ತು ನಿಮಿಷ ಲೇಟು,” ಎಂದರು ಸಾಲೇಹಾ.

“ಐ-೭೫ರಲ್ಲಿ ರಸ್ತೆ ಅಗೆದಿದಾರೆ ಕಣೇ,” ಎಂದರು ಸಾಹೇಬರು.

ಸಾಲೇಹಾ ಮುಖ ತಿರುಗಿಸಿಕೊಂಡು ಬಿರಿಯಾನಿಯ ಮುಚ್ಚಳ ತೆಗೆದರು. ಆ ಕಡೆ ನಿಂತಿದ್ದವರಿಗೆ ಅವರು ನಗುತ್ತಿದ್ದದ್ದು ಕಾಣಿಸಿತು. ಇದು ಹಲ್ಲು ಕಚ್ಚದ ನಗು.

ಸಂಗನಬಸಪ್ಪನಿಗೆ ಇಷ್ಟು ಜನ ಒಟ್ಟಿಗೆ ಸಿಕ್ಕರೆ ಭಾಷಣ ಮಾಡದೆ ಇರಲು ಬರುವುದಿಲ್ಲ. ಕುರ್ಚಿ ಹತ್ತಿದ. ಸಾಹೇಬರು ಎರಡು ದೇಶಗಳ ನಡುವಿನ ಸೇತುವೆ ಎಂದ. ಅಲ್ಲ, ಮೂರು ದೇಶ ಎಂದು ತಿದ್ದಿಕೊಂಡ. ಹನ್ನೊಂದು ವರ್ಷ ಗೋಡೆಯೊಳಗೆ ಕುಳಿತು ಸಭೆ ಮಾಡಿದವರಿಗೆ ಆಗದ್ದನ್ನು ಒಬ್ಬ ಚನ್ನಪಟ್ಟಣದ ಮನುಷ್ಯ ಎರಡು ವರ್ಷದಲ್ಲಿ ಸಾಧಿಸಿದ ಎಂದ. ಜಾತಿ, ಮತ, ಗಡಿ, ಭಾಷೆ ಎಲ್ಲವನ್ನೂ ಒಂದು ಜೊತೆ ಶೂವಿನಿಂದ ದಾಟಿದ ಎಂದ. ಕೊನೆಗೆ ಕೆಳಗಿಳಿದು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಸಾಹೇಬರ ಹೆಗಲ ಮೇಲೆ ಕೈಹಾಕಿ, ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟ.

“ಹೇಳ್ರೀ ಸಾಹೇಬ್ರ. ಎರಡು ಮೈಲಿ ದೂರದಾಗಿನ ನಮ್ಮನಿಗೆ ಹತ್ತು ವರ್ಷದಾಗ ಒಮ್ಮಿನೂ ಬರ್ಲಿಲ್ಲ ನೀವು. ಅಷ್ಟು ದೂರ, ಆ ಮಂದೀ ಮನಿಗೆ ಹೆಂಗ ಹೋದ್ರಿ? ಅವರ ಜೋಡಿ ಅಷ್ಟು ಬೆರೀಲಿಕ್ಕೆ ಏನ್ ಮಂತ್ರ ಹಾಕಿದ್ರಿ?”

ಸಾಹೇಬರು ಎರಡು ಕೈಯಲ್ಲೂ ತಟ್ಟೆ ಹಿಡಿದಿದ್ದರು.

“ಮಂತ್ರ ಏನಿಲ್ಲ ಸಂಗಣ್ಣ. ಸಾಲೇಹಾ ಬರೋ ತನಕ ಹತ್ತು ತಿಂಗಳು ಒಬ್ಬನೇ ಇದ್ನಲ್ಲ. ಅಲ್ಲಿ ಕ್ಯಾಂಟೀನಲ್ಲಿ ಹುರುಳಿಕಾಯಿ ಬೀಜದ ಪಲ್ಯಕ್ಕೂ ಹಂದಿ ಕೊಬ್ಬು ಹಾಕೋರು. ಒಫೇಲಿಯಾ ನಂಗೆ ಅಂತ ಬೇರೆ ಪಾತ್ರೇಲಿ, ಬರೀ ಎಣ್ಣೇಲಿ ಮಾಡಿ ದಿನಾ ರಮಿರೊ ಕೈಲಿ ಕಳಿಸೋರು. ಮಧ್ಯಾಹ್ನ ಹಸಿವಾಗ್ತಿತ್ತು, ತಿಂದೆ. ಅದಕ್ಕೇ ಹೋದೆ.”